ಒಂದೂವರೆ ಅಂಕ

ಗುರುವಾರ, ಮಧ್ಯಾಹ್ನ

ಮಗಳ ಅಪ್ಪನವರಿಗೆ,

ಹೀಗೆ ಕರೆದದ್ದಕ್ಕೆ ಮುಖ ಗಂಟಿಕ್ಕಬೇಡಿ. ನೀವು ಬೇರೆ ಊರಿನಲ್ಲಿ ಬೇರೆ ಮನೆ ಮಾಡಿದ ಮೇಲೆ ನಮ್ಮಿಬ್ಬರ ನಡುವೆ ಉಳಿದಿರುವ ನೆಂಟಸ್ತಿಕೆ ಇದೊಂದೇ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ರೇಗುತ್ತೇನೆ, ನೀವು ಹ್ಞೂಂಗುಟ್ಟುತ್ತೀರಿ, ಪಕ್ಕದ ಕೋಣೆಯಲ್ಲಿ ಅವಳು ಪುಟ ತಿರುಗಿಸುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳುತ್ತಾಳೆ. ಅದಕ್ಕೇ ಗ್ರಂಥಾಲಯದಲ್ಲಿ, ಹಳೆಯ ಪತ್ರಿಕೆಗಳ ಕೋಣೆಯ ನನ್ನ ಮೇಜಿನಲ್ಲೇ ಕುಳಿತು ಬರೆಯುತ್ತಿದ್ದೇನೆ. ಕೊರಿಯರಿನವರು ನಾಳೆಯೇ ತಲುಪಿಸುತ್ತಾರಂತೆ.

ವಿಷಯ ಇಷ್ಟು: ಮಗಳ ಅಂಕ ಸಾಕೋ ಸಾಲದೋ. ಪಶುವೈದ್ಯಕೀಯಕ್ಕೆ ಅರ್ಜಿ ಹಾಕಲು ಸೋಮವಾರ ಕಡೆಯ ದಿನ. ಅವಳಿಗೆ ಬಂದಿರುವುದು ನೂರಕ್ಕೆ ತೊಂಬತ್ತೊಂದು. ಕಳೆದ ವರ್ಷ ಕೊನೆಯ ಸೀಟು ನಿಂತದ್ದು ತೊಂಬತ್ತೆರಡೂವರೆಗೆ. ನಡುವಿನ ಆ ಒಂದೂವರೆ ಅಂಕದಲ್ಲಿ ಈಗ ನಮ್ಮ ಇಡೀ ಮನೆ ಮುಳುಗಿದೆ.

ಫಲಿತಾಂಶ ಬಂದಾಗ ಅವಳು ಮೊದಲು ಹೇಳಿದ್ದು ನಿಮಗೆ. ಎದುರಿಗೇ ನಾನಿದ್ದೆ, ಆದರೂ ನಿಮಗೆ. ಅದಕ್ಕೆ ನನಗೇನೂ ಬೇಸರವಿಲ್ಲ. ನೀವು 'ಪರವಾಗಿಲ್ಲ ಪುಟ್ಟಿ' ಅಂದಿರಿ. ಅವಳು ಫೋನ್ ಕೆಳಗಿಟ್ಟು, 'ನೋಡಿದ್ಯಾ, ಅಪ್ಪಂಗೂ ಸಾಲ್ದು ಅನ್ಸಿದೆ, ಸಮಾಧಾನ ಹೇಳ್ತಿದಾರೆ' ಅಂದಳು. ಅದು ಸಮಾಧಾನ ಅಲ್ಲ ಕಣೇ, ಹೊಗಳಿಕೆ ಅಂದೆ. ನಂಬಲಿಲ್ಲ. ನಿಮ್ಮ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತನ್ನು ನಾನಂತೂ ಕೇಳಿಲ್ಲ. ಲಿಫ್ಟ್ ತಪಾಸಣೆ ಮಾಡುವವರು ನೀವು. ಉಕ್ಕಿನ ಹಗ್ಗ, ಬ್ರೇಕು, ಬಾಗಿಲು ಎಲ್ಲವನ್ನೂ ನೋಡಿ, ಕೈ ಒರೆಸಿಕೊಂಡು 'ಪರವಾಗಿಲ್ಲ' ಅಂದರೆ, ಮಕ್ಕಳುಮರಿ ಅದರಲ್ಲಿ ಧೈರ್ಯವಾಗಿ ನಿಲ್ಲಬಹುದು ಎಂದು ಅರ್ಥ. ಮದುವೆಯ ಹೊಸದರಲ್ಲಿ ನನ್ನ ಅಡುಗೆಗೂ ಅದನ್ನೇ ಅಂದಿರಿ, ನಾನು ವಾರಗಟ್ಟಲೆ ಮಾತು ಬಿಟ್ಟಿದ್ದೆ. ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ.

ಹಳೆಯ ಪತ್ರಿಕೆಗಳನ್ನು ಕಾಯುವವಳಿಗೆ ಮರೆಯುವ ಸುಖ ಎಲ್ಲಿಂದ ಬರಬೇಕು? ಈ ತೊಂಬತ್ತೆರಡೂವರೆ ಹೇಗೆ ಹುಟ್ಟಿತು ಎಂಬುದೂ ನೆನಪಿದೆ. ನಾವು ಓದುವ ಕಾಲಕ್ಕೆ ಎಂಬತ್ತು ತೆಗೆದವರಿಗೆ ಇದೇ ವಿಶ್ವವಿದ್ಯಾಲಯ ಬಾಗಿಲು ತೆರೆದು ಬನ್ನಿ ಎನ್ನುತ್ತಿತ್ತು. ಆಮೇಲೆ ಒಂದು ವರ್ಷ ಪ್ರಶ್ನೆಪತ್ರಿಕೆ ಪರೀಕ್ಷೆಗೆ ಮೊದಲೇ ಬೀದಿಗೆ ಬಂತು. ಇಡೀ ಊರಿಗೆ ಗೊತ್ತಿತ್ತು, ವಿಚಾರಣಾ ಸಮಿತಿಯೊಂದಕ್ಕೆ ಮಾತ್ರ ಗೊತ್ತಾಗಲಿಲ್ಲ. ಆ ವರ್ಷ ಮೇಲಕ್ಕೆ ಹಾರಿದ ಕೊನೆಯ ಸೀಟಿನ ಗೆರೆ ಮತ್ತೆ ಇಳಿಯಲೇ ಇಲ್ಲ. ಯಾರೋ ಪ್ರತಿವರ್ಷ ಅದನ್ನು ಅಲ್ಲೇ ಎತ್ತಿ ಹಿಡಿದಿದ್ದಾರೆ. ಕಳ್ಳರು ಎಳೆದ ಗೆರೆಯ ಪಕ್ಕ ನಮ್ಮ ಮಗುವನ್ನು ನಿಲ್ಲಿಸಿ, ಕುಳ್ಳಿ ಎನ್ನುತ್ತಿದ್ದಾರೆ. ಈ ಬಗ್ಗೆ ಪತ್ರಿಕೆಗೆ ಬರೆದೆ. ಪ್ರಕಟವೇನೋ ಆಯಿತು, ಟ್ಯೂಷನ್ ಕೇಂದ್ರವೊಂದರ ಜಾಹೀರಾತಿನ ಕೆಳಗೆ, ಹಲ್ಲು ಬಿಟ್ಟು ನಗುವ ರ‍್ಯಾಂಕಿನ ಮಕ್ಕಳ ಕಾಲಡಿಯಲ್ಲಿ.

ನಗಬೇಡಿ. ಮುಂದಿನದು ನಗುವ ವಿಷಯವಲ್ಲ.

ಹೋದ ಶನಿವಾರ ಒಬ್ಬ ಮನೆಗೆ ಬಂದ. ಪ್ರವೇಶ ಸಲಹೆಗಾರನಂತೆ. ಎಷ್ಟು ಮೆಲ್ಲಗೆ ಮಾತಾಡುತ್ತಾನೆ ಎಂದರೆ, ಕೇಳಬೇಕಾದರೆ ನಾವೇ ಅವನ ಕಡೆಗೆ ಬಾಗಬೇಕು. ಪಿಸುಪಿಸು ಎಂದು ನಾನು ಹೆಸರಿಟ್ಟಿದ್ದೇನೆ. ಇಷ್ಟೊಂದು ಕುರ್ಚಿಗಳಿದ್ದರೂ ನೇರವಾಗಿ ಹೋಗಿ ನಿಮ್ಮ ಕುರ್ಚಿಯಲ್ಲಿ ಕೂತ. (ಅದು ಇನ್ನೂ ಕಿಟಕಿಯ ಪಕ್ಕದಲ್ಲೇ ಇದೆ. ಹಳೇ ಸಾಮಾನಿನವನು ಬೇಡ ಅಂದ, ಅದಕ್ಕೆ.) ಕೂತವನೇ ಮಗಳಿಗೆ, 'ಭೌತಶಾಸ್ತ್ರದಲ್ಲಿ ಸ್ವಲ್ಪ ಜಾರಿದೀಯಲ್ಲಮ್ಮಾ' ಅಂದ. ಅವಳ ಅಂಕ ನಾವು ಹೊರಗೆ ಯಾರಿಗೂ ಹೇಳಿರಲಿಲ್ಲ. ಅವನಿಗೆ ಒಂದೊಂದು ವಿಷಯದ್ದೂ ಬಾಯಿಪಾಠವಾಗಿತ್ತು.

ಒಂದೂವರೆ ತಾನೇ, ಬೆಳೆಸೋಣ ಅಂದ. 'ಅಂಕ ಏನು ಸೊಪ್ಪಾ ಸ್ವಾಮಿ, ಬೆಳೆಸೋಕೆ?' ಅಂದೆ. ಸದ್ದಿಲ್ಲದೆ ನಕ್ಕ. 'ನೀರು ಹಾಕೋರು ಇರಬೇಕಮ್ಮಾ, ಅಷ್ಟೇ.' ಇದಕ್ಕೆಲ್ಲ ಏನು ಕೊಡಬೇಕು ಎಂದು ವ್ಯಂಗ್ಯವಾಗಿ ಕೇಳಿದರೆ, 'ದುಡ್ಡಾ? ಛೆ ಛೆ. ನಾನು ಮನುಷ್ಯರನ್ನ ಸಂಪಾದಿಸೋನು. ಯಾವತ್ತಾದ್ರೂ ಒಂದು ಸಣ್ಣ ಕೆಲಸ ಹೇಳ್ತೀನಿ, ಮಾಡಿಕೊಟ್ರೆ ಆಯ್ತು' ಅಂದ. ಬಾಗಿಲು ತೋರಿಸಿದೆ. ಅವಸರವಿಲ್ಲದೆ ಎದ್ದು, ಕುರ್ಚಿಯನ್ನು ಇದ್ದ ಜಾಗಕ್ಕೇ ಸರಿಸಿಟ್ಟು ಹೋದ.

ಎರಡು ದಿನ ಬಿಟ್ಟು, ನಾನು ಕೆಲಸಕ್ಕೆ ಹೊರಟ ಮೇಲೆ ಮತ್ತೆ ಬಂದಿದ್ದಾನೆ. ಇವಳು ಮೂಲ ಅಂಕಪಟ್ಟಿಯನ್ನೇ ಎತ್ತಿ ಅವನ ಕೈಗೆ ಕೊಟ್ಟಿದ್ದಾಳೆ! 'ನೋಡಿ ವಾಪಸ್ ಕೊಡ್ತಾರಂತೆ ಬಿಡಮ್ಮ' ಅನ್ನುತ್ತಾಳೆ. ಇನ್ನೂ ಕೊಟ್ಟಿಲ್ಲ. ದಿನಾ ಸಂಜೆ ಅವನ ಕಾರು ನಮ್ಮ ಕಿಟಕಿಯ ಕೆಳಗೆ ಬಂದು ನಿಲ್ಲುತ್ತದೆ. ಒಳಗೆ ದೀಪ ಹಾಕಿಕೊಂಡು, ಏನನ್ನೋ ನಿಧಾನವಾಗಿ ಸುಲಿದು ತಿನ್ನುತ್ತಿರುತ್ತಾನೆ. ಮೇಲಕ್ಕೆ ನೋಡುವುದೂ ಇಲ್ಲ. ನೋಡಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಬೀದಿಯ ಕೊನೆಯ ಔಷಧಿ ಅಂಗಡಿಯವರ ಮಗಳು ನೆನಪಿದ್ದಾಳೆಯೇ? ನಿಮ್ಮ ಜೊತೆ ಕೇರಂ ಆಡುತ್ತಾ ರಾಜಾರೋಷವಾಗಿ ಮೋಸ ಮಾಡುತ್ತಿದ್ದ ಆ ಜಗಳಗಂಟಿ? ಹೋದ ವರ್ಷ ಅವಳ ಅಂಕ ಬೆಳೆಸಿದವನೂ ಇವನೇ. ಸೀಟು ಸಿಕ್ಕಿತು. ಈಗ ಅವಳ ಕೆಲಸವೆಂದರೆ ಶಾಲೆಗಳ ಗೇಟಿನಲ್ಲಿ ನಿಂತು, ಹೆದರಿದ ಮಕ್ಕಳು ಯಾರು ಎಂದು ಪತ್ತೆಹಚ್ಚಿ ಇವನಿಗೆ ತೋರಿಸುವುದು. ಮೊನ್ನೆ ಎದುರಾದಾಗ, ಓದು ಹೇಗಿದೆಯೇ ಎಂದು ಕೇಳಿದೆ. 'ಅವರು ಬಿಟ್ರೆ ಓದ್ತೀನಿ ಆಂಟಿ' ಅಂದವಳೇ ಹಿಂದೆ ತಿರುಗಿ ನೋಡಿ, ರಸ್ತೆ ದಾಟಿ ಹೊರಟುಹೋದಳು. ಎಷ್ಟು ಮಾತಿನ ಮಲ್ಲಿಯಾಗಿದ್ದಳು!

ನಮ್ಮವಳು ಮಾತ್ರ ಈಗ ಚೆನ್ನಾಗಿ ಉಣ್ಣುತ್ತಾಳೆ, ಚೆನ್ನಾಗಿ ನಿದ್ದೆ ಮಾಡುತ್ತಾಳೆ, ಹಾಡು ಗುನುಗುತ್ತಾಳೆ. ನನ್ನ ಮುಖ ಮಾತ್ರ ನೋಡುವುದಿಲ್ಲ. ನಾನು ಬಾಯಿ ತೆರೆದರೆ, 'ನೀನು ಪೇಪರಿಗೆ ಬರಿ ಹೋಗಮ್ಮ' ಅನ್ನುತ್ತಾಳೆ. ನನ್ನ ಮಾತು ಅವಳಿಗೆ ಭಾಷಣ. ನಿಮ್ಮದು ಹಾಗಲ್ಲ. ನೀವು ಶನಿವಾರ ಬನ್ನಿ. ಬಂದು ಆ ಕುರ್ಚಿಯಲ್ಲಿ ಕೂತು, ನಿನ್ನ ತೊಂಬತ್ತೊಂದು ಸಾಕು, ಅದನ್ನೇ ಹಾಕು ಅಂತ ಬಾಯಿಬಿಟ್ಟು ಹೇಳಿ. ಸೀಟು ಸಿಗದಿದ್ದರೆ ಬೇರೆ ಏನಾದರೂ ಓದುತ್ತಾಳೆ. ಆದರೆ ಸೋಮವಾರ ಆ ಮನುಷ್ಯನ ಅಂಕ ಹಾಕಿದಳೋ, ಅವಳು ಓದುವುದು ಯಾವುದೇ ಆಗಲಿ, ಕೊನೆಯವರೆಗೂ ಅವನ ಕೆಲಸದವಳು.

ಈ ಮಾತು ಹೇಳಲು ನಿಮಗಿಂತ ಯೋಗ್ಯರು ನನಗೆ ಗೊತ್ತಿಲ್ಲ. ಆ ದೊಡ್ಡ ಹೋಟೆಲಿನ ಲಿಫ್ಟಿಗೆ ಸಹಿ ಹಾಕಿ ಎಂದು ಮೇಲಿನವರು ಮನೆಯವರೆಗೂ ಬಂದು ಕೂತರು. 'ಬ್ರೇಕು ಹಿಡಿಯಲ್ಲ ಸಾರ್' ಎಂಬ ಒಂದೇ ಮಾತನ್ನು ನೀವು ಸಂಜೆಯೆಲ್ಲ ಹೇಳಿದಿರಿ. ಬಡ್ತಿ ಹೋಯಿತು, ಆ ಮೂಲೆಯ ಊರಿಗೆ ವರ್ಗವಾಯಿತು. ಅವತ್ತು ನಾನು ಕೂಗಾಡಿದ್ದು ನಿಜ. ಆದರೆ ಸಹಿ ಹಾಕಿಬಿಡಿ ಎಂದು ಯಾವತ್ತೂ ಅನ್ನಲಿಲ್ಲ. ನಿಮ್ಮೊಡನೆ ಬಾಳುವುದು ಕಷ್ಟ. ಆದರೂ ನೀವು ಸಹಿ ಹಾಕಿದ ಲಿಫ್ಟಿನಲ್ಲಿ ಕಣ್ಣು ಮುಚ್ಚಿಕೊಂಡು ಹತ್ತುವವಳು ನಾನು.

ಶನಿವಾರದ ಮೊದಲ ಬಸ್ಸಿನ ಹೊತ್ತಿಗೆ ಬಾಗಿಲು ತೆರೆದಿಟ್ಟಿರುವ,
ಮಗಳ ಅಮ್ಮ

ತಾ.ಕ. (ಅದೇ ದಿನ ಸಂಜೆ, ಮನೆಯಿಂದ)

ಲಕೋಟೆ ಅಂಟಿಸುವ ಮೊದಲು ಇದನ್ನು ಅವಳಿಗೆ ಓದಿ ಹೇಳಿದೆ. ಅಪ್ಪ ಎಂಥವರು ಎಂದು ಒಂದು ಸಲ ಕಿವಿಯಾರೆ ಕೇಳಲಿ ಎಂದು. ಹೋಟೆಲಿನ ಲಿಫ್ಟಿನ ಮಾತು ಬರುತ್ತಿದ್ದ ಹಾಗೆ 'ಸಾಕು, ನಿಲ್ಸಮ್ಮ' ಎಂದು ಕಿವಿ ಮುಚ್ಚಿಕೊಂಡಳು.

ಆ ಮನುಷ್ಯನನ್ನು ಕಳಿಸಿದ್ದೇ ನೀವಂತೆ. 'ಅಮ್ಮಂಗೆ ಹೇಳ್ಬೇಡ, ನಾನೆಲ್ಲ ಮಾತಾಡಿದೀನಿ, ಅವರಿಗೆ ಬೇಕಾದ್ದನ್ನ ಮಾಡಿಕೊಟ್ಟೂ ಆಗಿದೆ' ಅಂದಿರಂತೆ. ಏನು ಮಾಡಿಕೊಟ್ಟರು ಎಂದು ಕೇಳಿದೆ. ಯಾವುದೋ ಲಿಫ್ಟಿಗೆ ಸಹಿ ಅಂದಳು.

ಅತ್ತು ಮುಗಿಸಿದ್ದಾಳೆ. ಸೋಮವಾರ ತನ್ನ ತೊಂಬತ್ತೊಂದನ್ನೇ ಹಾಕುತ್ತಾಳಂತೆ, ಸೀಟು ಬರಲಿ ಬಿಡಲಿ. ಅಂಕಪಟ್ಟಿ ಅವನ ಕೈಯಲ್ಲಿದೆ ಎಂದು ದೂರು ಕೊಡಲು ಬೆಳಿಗ್ಗೆ ಇಬ್ಬರೂ ಠಾಣೆಗೆ ಹೋಗುತ್ತೇವೆ. ಅವನ ಕಾರು ಕೆಳಗೇ ನಿಂತಿದೆ. ಇವತ್ತು ಒಳಗಿನ ದೀಪ ಹಾಕಿಲ್ಲ.

ಆಗಿನಿಂದ ನಿಮಗೆ ಫೋನ್ ಮಾಡುತ್ತಲೇ ಇದ್ದೇನೆ, ನೀವು ಎತ್ತುತ್ತಿಲ್ಲ. ಮೇಲೆ ಬರೆದದ್ದರಲ್ಲಿ ಒಂದಕ್ಷರವನ್ನೂ ಹೊಡೆದುಹಾಕದೆ ಕಳಿಸುತ್ತಿದ್ದೇನೆ. ಅದನ್ನು ಆಮೇಲೆ ಓದಿಕೊಳ್ಳಿ. ಮೊದಲು ಇದಕ್ಕೆ ಉತ್ತರ ಕೊಡಿ: ಯಾವ ಕಟ್ಟಡ? ಎಷ್ಟು ಮಹಡಿ? ಜನ ಅದರಲ್ಲಿ ಹತ್ತಿ ಇಳಿಯಲು ಶುರುಮಾಡಿದ್ದಾರೆಯೇ?