ಹೂಕೋಸಿನ ಮುದ್ದೆ

ಮೇ 20, ಸಂಜೆ

ಬೆಳಿಗ್ಗೆ 78.2. ನಿನ್ನೆಗಿಂತ ಇನ್ನೂರು ಗ್ರಾಂ ಕಡಿಮೆ. ಶುರು ಮಾಡಿದ ದಿನ 79.1 ಇತ್ತು. ತಿಂಡಿಗೆ ಎರಡು ಮೊಟ್ಟೆಯ ಬಿಳಿ, ಅರ್ಧ ಸೌತೆಕಾಯಿ. ಡಬ್ಬಿಗೆ ಬೇಯಿಸಿದ ಹುರುಳಿಕಾಯಿ.

ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಪಕ್ಕದ ಮೆಷಿನ್ನಿನ ಮಂಚಮ್ಮ ಡಬ್ಬಿಗೆ ಇಣುಕಿ ನಕ್ಕಳು. “ಏನ್ ರೂಪಕ್ಕ, ಮಗ್ಳಿಗೆ ಗಂಡು ಉಡ್ಕೋ ವಯಸ್ನಲ್ಲಿ ನಿಂಗ್ಯಾಕೆ ಸೋಕಿ?”

ನಾನೂ ನಕ್ಕೆ. ತಮ್ಮನ ಲಿವರ್ ಹೋಗಿದೆ ಅಂದರೆ, ಎಷ್ಟು ಕುಡೀತಿದ್ದ ಅಂತಲೇ ಕೇಳ್ತಾರೆ. ಶಶಿ ಒಂದು ತೊಟ್ಟೂ ಮುಟ್ಟಿದವನಲ್ಲ. ಕಾಮಾಲೆ ವೈರಸ್ಸು, ವರ್ಷಗಟ್ಟಲೆ ಸದ್ದಿಲ್ಲದೆ ಒಳಗೇ ತಿಂದು ಮುಗಿಸಿದೆ.

ನನ್ನ ಲಿವರಿನ ಅರ್ಧ ಕೊಡಬಹುದಂತೆ. ರಕ್ತದ ಗುಂಪು ಹೊಂದಿದೆ. ಅವನ ಹೆಂಡತಿ ದೀಪಿಕಳದು ಹೊಂದಲಿಲ್ಲ, ಅಮ್ಮನಿಗೆ ವಯಸ್ಸಾಯಿತು. ಆದರೆ ನನ್ನದರಲ್ಲಿ ಕೊಬ್ಬು ಶೇಕಡಾ ಇಪ್ಪತ್ತೆರಡು. ಹತ್ತರ ಕೆಳಗೆ ಇಳಿಯಬೇಕು. ಆರು ವಾರ ಟೈಮು. ಅನ್ನ, ಮುದ್ದೆ, ಸಕ್ಕರೆ, ಎಣ್ಣೆ — ಯಾವುದೂ ಇಲ್ಲ.

ಆರೇ ವಾರ ತಾನೆ.

ಮೇ 24

ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ವಡೆ ಕರಿಯುವ ವಾಸನೆ. ಕಣ್ಣಲ್ಲಿ ನೀರು ಬಂತು. ನಾಚಿಕೆಯಾಯಿತು. ನಲವತ್ತೆರಡು ವರ್ಷದ ಹೆಂಗಸು.

ಮನೆಗೆ ಬಂದು ಓಟ್ಸ್ ಪುಡಿಗೆ ಈರುಳ್ಳಿ, ಕರಿಬೇವು ಕಲಸಿ ತಟ್ಟಿ, ಎಣ್ಣೆಯಿಲ್ಲದೆ ಕಾವಲಿ ಮೇಲೆ ಸುಟ್ಟೆ. ವಾಸನೆ ಪರವಾಗಿಲ್ಲ. ಕಚ್ಚಿದರೆ ಒದ್ದೆ ರಟ್ಟು. ಆದರೂ ಮೂರು ತಿಂದೆ.

ಫೋನಿನಲ್ಲಿ ನೋಡಿ ಹೂಕೋಸಿನ ಮುದ್ದೆಯನ್ನೂ ಮಾಡಿದೆ. ತುರಿದು, ಬೇಯಿಸಿ, ಬಟ್ಟೆಯಲ್ಲಿ ಹಿಂಡಿ, ಒಂದೇ ಚಮಚ ರಾಗಿಹಿಟ್ಟು. ಸೊಪ್ಪಿನ ಸಾರಿಗೆ ಹಾಕಿದ ಕೂಡಲೇ ಬಿಚ್ಚಿಕೊಂಡು ಹೋಯಿತು. ಇವರು ತಮ್ಮ ತಟ್ಟೆ ಎತ್ತಿಕೊಂಡು ಹೊರಗೆ ಜಗಲಿಯಲ್ಲಿ ಕೂತು ಉಂಡರು. ಈಗ ದಿನಾ ಅಲ್ಲೇ ಉಣ್ಣುತ್ತಾರೆ.

ಮೇ 26, ಭಾನುವಾರ

ಮಳವಳ್ಳಿಗೆ ಹೋಗಿ ಬಂದೆ. ಶಶಿಯ ಕಣ್ಣು ಅರಿಶಿನ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ದಿನ ತುಂಬಿದ ಬಸುರಿಯದಂತೆ. ಅವನಿಗೆ ಉಪ್ಪು ಮುಟ್ಟುವ ಹಾಗಿಲ್ಲ. ಉಪ್ಪಿನ ಬದಲು ನಿಂಬೆರಸ, ಹುರಿದ ಜೀರಿಗೆಪುಡಿ ಮಾಡಿಕೊಂಡು ಹೋಗಿದ್ದೆ. ಸಾರಿಗೆ ಉದುರಿಸಿ ನೆಕ್ಕಿದ.

“ಉಪ್ಪು ಇದ್ದಂಗೇ ಅದೆ ಕಣಕ್ಕ.”

“ಸುಳ್ ಯೋಳ್ಬ್ಯಾಡ ಕಣ್ಲಾ.”

“ಊ, ಸುಳ್ಳೇ. ನೀನೇನ್ ತಿಂದೆ? ನಿಂದೂ ಡೂಪ್ಲಿಕೇಟೇ ತಾನೆ?”

ಓಟ್ಸ್ ವಡೆಯ ಕಥೆ ಹೇಳಿದೆ. ನಗಲು ಹೋಗಿ ಹೊಟ್ಟೆ ಹಿಡಿದುಕೊಂಡ. ದೀಪಿಕ ಬೆನ್ನು ನೀವಿದಳು. ಆಮೇಲೆ ಅವಳು ನೀರು ತರಲು ಒಳಗೆ ಹೋದಾಗ ಮೆಲ್ಲಗೆ ಕೇಳಿದ: “ಅಕ್ಕ, ನಿಂಗೆ ಭಯ ಆಗಾಕಿಲ್ವಾ?”

ಇಲ್ಲ ಅಂದೆ. ಆಗುತ್ತದೆ.

ಜೂನ್ 3

75.4. ಡಯಟಿಷಿಯನ್ ಮೇಡಂ ಫೋನಿನಲ್ಲಿ ‘ವೆರಿ ಗುಡ್’ ಅಂದರು. ಕೂದಲು ಉದುರುತ್ತಿದೆ. ಸಿಂಗರ್ ಮೆಷಿನ್ನಿನ ಮುಂದೆ ಎರಡು ಸಲ ಕಣ್ಣು ಕತ್ತಲಾಯಿತು. ಇವರು ಮಳವಳ್ಳಿಗೆ ಹೋಗಿ ಅಮ್ಮನನ್ನು ಕರೆತಂದರು, ಅಡುಗೆಗೆ. ಏನೇನು ಹಾಕಬಾರದು ಅಂತ ಅಮ್ಮನಿಗೆ ಒಂದೊಂದಾಗಿ ಹೇಳಿಕೊಟ್ಟೆ. ಎಲ್ಲದಕ್ಕೂ ತಲೆಯಾಡಿಸಿದಳು.

ಜೂನ್ 7

ಇವತ್ತು ಮುದ್ದೆ ನಿಂತಿತು! ಹೂಕೋಸಿನದೇ. ದುಂಡಗೆ, ಮಿರಿಮಿರಿ. ಮುರಿದು ಸಾರಲ್ಲಿ ಅದ್ದಿ ನುಂಗಿದರೆ ಗಂಟಲಲ್ಲಿ ಮುದ್ದೆ ಇಳಿದ ಹಾಗೇ ಇಳಿಯಿತು. ಮೂರು ವಾರದಲ್ಲಿ ಮೊದಲ ಸಲ ಹೊಟ್ಟೆ ತುಂಬಿತು.

“ಎಂಗ್ ಮಾಡ್ದವ್ವ?”

“ಕೋಲಲ್ಲಿ ಸರ್ಯಾಗಿ ತೊಳ್ಸುದ್ರೆ ಆಯ್ತದೆ. ನಿಂಗೆ ಒಗ್ಗಾಕಿಲ್ಲ, ಅಷ್ಟೆ.”

ಶಶಿಗೆ ಫೋನ್ ಮಾಡಿ ಹೇಳಿದೆ. “ಡೂಪ್ಲಿಕೇಟ್ ಪಾಸಾಯ್ತಾ!” ಅಂದ. ದನಿ ತೀರಾ ಸಣ್ಣಗಾಗಿದೆ.

ಜೂನ್ 16

75.1. ಹತ್ತು ದಿನದಿಂದ ಅಲ್ಲೇ. ಹಾಗೆ ನಿಲ್ಲುವುದೂ ಉಂಟು, ಮತ್ತೆ ಇಳಿಯುತ್ತದೆ ಅಂದರು ಮೇಡಂ. ಸಂಜೆ ಕೆರೆ ಏರಿ ಮೇಲೆ ನಡೆಯಲು ಶುರು ಮಾಡಿದ್ದೇನೆ. ಊಟ ಮಾತ್ರ ಈಗ ಕಷ್ಟವಿಲ್ಲ. ಅಮ್ಮ ಇದ್ದಾಳೆ.

ಜೂನ್ 25

ಸ್ಕ್ಯಾನ್ ಆಯಿತು. ಕೊಬ್ಬು ಹದಿನಾರು.

ಡಾಕ್ಟರು ಕೇಳಿದರು, “ನಿಜ ಹೇಳಿ ರೂಪ. ಊಟ ಸರಿಯಾಗಿ ಪಾಲಿಸ್ತಿದ್ದೀರಾ?” ದೇವರಾಣೆ ಅಂದೆ. ಮೂರು ವಾರ ಬಿಟ್ಟು ಮತ್ತೆ ಬರಲು ಹೇಳಿದರು. ಅಷ್ಟು ದಿನ ಅವನು ತಡೆಯುತ್ತಾನಾ ಅಂತ ಕೇಳಿದ್ದಕ್ಕೆ ಕಂಪ್ಯೂಟರ್ ನೋಡುತ್ತಾ ಕೂತರು.

ಬರುವಾಗ ಬಸ್ಸಿನಲ್ಲಿ ಇವರು ನನ್ನ ಕೈ ಹಿಡಿದುಕೊಂಡಿದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಬಸ್ಸಿನಲ್ಲಿ ಹಿಡಿದದ್ದು ಇದೇ ಮೊದಲು.

ಜೂನ್ 26

ಕೆಲಸಕ್ಕೆ ಹೋಗಲಿಲ್ಲ. ಮಲಗಿದ್ದೆ. ನಾನು ಹೋಗಿದ್ದೇನೆ ಅಂದುಕೊಂಡು ಅಮ್ಮ ನನ್ನ ಸಂಜೆಯ ಮುದ್ದೆಗೆ ಹಿಟ್ಟು ಸಿದ್ಧ ಮಾಡುತ್ತಿದ್ದಳು. ನೀರು ಕುಡಿಯಲು ಹೋದವಳು ಬಾಗಿಲಲ್ಲೇ ನಿಂತೆ. ರಾಗಿಹಿಟ್ಟು — ಸೇರು ತುಂಬ. ಮೇಲೆ ಒಂದು ಹಿಡಿ ಅಕ್ಕಿ ನುಚ್ಚು. ಹೂಕೋಸು ಹೆಸರಿಗೆ. ಒಲೆ ಪಕ್ಕ ಸೊಪ್ಪಿನ ಪಲ್ಯ, ಅದರೊಳಗೆ ಕಡ್ಲೆಕಾಯಿಬೀಜದ ಪುಡಿ.

ಎಷ್ಟು ದಿನದಿಂದ ಅಂತ ಕೇಳಿದೆ. ಬಂದ ವಾರದಿಂದ.

“ತಲ್ಸುತ್ ಬಂದು ಮಿಷಿನ್ ಮೇಲೆ ಬೀಳ್ತಿದ್ದೆ. ನೋಡ್ಕಂಡು ಎಂಗವ್ವ ಸುಮ್ಕಿರ್ಲಿ?”

“ಸಸಿ ಸತ್ತೋಯ್ತಾನೆ ಕಣವ್ವ! ಗೊತ್ತಿಲ್ವಾ ನಿಂಗೆ?”

ಅಮ್ಮ ಕೋಲು ಕೆಳಗಿಟ್ಟಳು. “ನಿನ್ ಒಟ್ಟೆ ಕುಯ್ತಾರಂತೆ. ಇಲ್ಲಿಂದ ಇಲ್ಲಿಗಂಟ. ಅಂವ ಅಂತೂ ಆ ಗತಿ ಆಗವ್ನೆ... ನೀನೂ ಎದ್ ಬರ್ದೆ ಓದ್ರೆ?”

ಬೇಕಂತಲೇ ಮಾಡಿದೆಯಾ ಅಂತ ಕೇಳಿದೆ. ಸೆರಗು ಬಾಯಿಗೆ ಒತ್ತಿಕೊಂಡಳು. ಮಧ್ಯಾಹ್ನದ ಬಸ್ಸಿಗೆ ಇವರು ಮಳವಳ್ಳಿಗೆ ಬಿಟ್ಟು ಬಂದರು. ಬಾಗಿಲವರೆಗೂ ನಾನು ಹೋಗಲಿಲ್ಲ.

ಜುಲೈ 5

72.0. ಸೋರೆಕಾಯಿ. ಮಜ್ಜಿಗೆ ನೀರು. ಹಸಿವು ಅನ್ನುವುದು ಈಗ ಹೊಟ್ಟೆಯಲ್ಲಿಲ್ಲ, ಹಲ್ಲಿನಲ್ಲಿದೆ. ಏನಾದರೂ ಕಚ್ಚಬೇಕು. ಐಸ್ ಕಚ್ಚುತ್ತೇನೆ.

ಬದಲಿ ಅಡುಗೆ ಎಲ್ಲ ಬಿಟ್ಟೆ. ಒಂದನ್ನು ಇನ್ನೊಂದು ಅಂತ ನಂಬಿಸಿಕೊಳ್ಳಲು ಇನ್ನು ಆಗುವುದಿಲ್ಲ.

ಜುಲೈ 11

ಶಶಿಗೆ ಜ್ವರ. ಹೊಟ್ಟೆಯ ನೀರಿಗೆ ಸೋಂಕು. ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ. 70.9.

ಜುಲೈ 17

69.8. ಸ್ಕ್ಯಾನ್: ಎಂಟು. ಪಾಸು.

ಡಾಕ್ಟರು ಕೂರಿಸಿ ಹೇಳಿದರು. “ನೀವು ರೆಡಿ ಇದ್ದೀರಿ. ಅವರು ರೆಡಿ ಇಲ್ಲ. ಕಿಡ್ನಿಯೂ ಕೈಕೊಡ್ತಿದೆ. ಈ ಸೋಂಕಿನಲ್ಲಿ ಆಪರೇಷನ್ ಮಾಡಿದ್ರೆ ಟೇಬಲ್ ಮೇಲೇ...”

ಎರಡು ವಾರದ ಹಿಂದೆ ಆಗಿದ್ದರೆ? ಅಂತ ಕೇಳಿದೆ.

“ಆಗ ಬೇರೆ ಮಾತು.”

ಕ್ಯಾಂಟೀನಿನಲ್ಲಿ ಇವರು ಇಡ್ಲಿ ತಂದಿಟ್ಟರು. ತಿನ್ನಲಿಲ್ಲ. ಸೋಂಕು ಇಳಿದರೆ ನಾಳೆಯೇ ಕರೆಯಬಹುದು.

ಜುಲೈ 21

ಐಸಿಯುನಲ್ಲಿ ಐದು ನಿಮಿಷ ಬಿಟ್ಟರು. ನನ್ನನ್ನು ನೋಡಿ ಗುರುತು ಹಿಡಿಯಲು ಹೊತ್ತಾಯಿತು. “ಯಾರು... ಅಕ್ಕನಾ? ಬಡಕ್ಲಾಗೋದೆ.” ಅವ್ವ ಬಂದಿಲ್ವಾ ಅಂತ ಕೇಳಿದ. ಹೊರಗೇ ಕೂತಿದ್ದಾಳೆ ಅಂದೆ. “ಅವಳ್ ಮ್ಯಾಲೆ ಕೋಪ ಮಾಡ್ಕಬ್ಯಾಡ. ಎಲ್ಲಾ ಯೋಳವ್ಳೆ ನಂಗೆ.” ಯಾವಾಗ ಹೇಳಿದಳು ಅಂತ ಕೇಳುವಷ್ಟರಲ್ಲಿ ನರ್ಸ್ ಬಂದಳು.

ಹೊರಗೆ ಅಮ್ಮನ ಪಕ್ಕದಲ್ಲೇ ಕೂತೆ.

ಆಗಸ್ಟ್ 3

ಶಶಿ ಹೋಗಿ ಇವತ್ತಿಗೆ ಹನ್ನೊಂದು ದಿನ. ಮಳವಳ್ಳಿಯಲ್ಲಿ ತಿಥಿ. ದೀಪಿಕ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ, ಎಬ್ಬಿಸಲು ಹೋದವರೆಲ್ಲ ಸುಮ್ಮನೆ ವಾಪಸ್ಸು ಬಂದರು. ಜನ ಬಂದರು, ಉಂಡರು. ನಾನು ಬಡಿಸಿದೆ.

ಬಂಡೂರಿನ ದೊಡ್ಡತಾಯಮ್ಮತ್ತೆ ನನ್ನ ಕೈ ಹಿಡಿದು ಪಕ್ಕ ಕೂರಿಸಿಕೊಂಡರು. ಆಪರೇಷನ್ ವಿಷಯ ಅವರಿಗೆ ಯಾರೂ ಹೇಳಿಲ್ಲ. ತೋಳು ಮುಟ್ಟಿ ನೋಡಿದರು.

“ಏನವ್ವ, ಇಷ್ಟ್ ತೆಳ್ಳಗಾಗಿದ್ದೀ! ಲಕ್ಷಣ್ವಾಗಿದ್ದೀ. ನಮ್ ಸೊಸೆ ಬಾಳಾ ಊದ್ಕಂಡವ್ಳೆ, ಅದೇನ್ ಮಾಡ್ದೆ ಯೋಳ್ಕೊಡು.”

ಹೇಳಿಕೊಟ್ಟೆ. ಯಾಕೋ, ಒಂದೂ ಬಿಡದೆ. ಅನ್ನದ ಬದಲು ಏನು, ಸಕ್ಕರೆಯ ಬದಲು ಏನು. ಶ್ರದ್ಧೆಯಿಂದ ಕೇಳಿಸಿಕೊಂಡರು.

“ಎಷ್ಟ್ ದಿನ ಇಡೀತು?”

“ಒಂಬತ್ತು ವಾರ, ಅತ್ತೆ.”

“ಅಷ್ಟೇಯಾ? ಬಿರನೆ ಆಗೋಯ್ತಲ್ಲವ್ವ!”

ಪಕ್ಕದ ಸಾಲಿನಲ್ಲಿ ಅಮ್ಮ ಎಂಜಲೆಲೆ ಎತ್ತುತ್ತಿದ್ದಳು. ಕೇಳಿಸುವಷ್ಟು ಹತ್ತಿರ. ಗೊತ್ತಿತ್ತು ನನಗೆ. ಗೊತ್ತಿದ್ದೂ ಅಂದೆ — ಆರೇ ವಾರದಲ್ಲಿ ಆಗಬೇಕಿತ್ತು ಅತ್ತೆ, ನಮ್ಮವ್ವ...

ಅಮ್ಮನ ಕೈಯಲ್ಲಿದ್ದ ಎಲೆ ಜಾರಿ ಬಿತ್ತು. ಬಾಗಿ ಅದನ್ನೇ ಮತ್ತೆ ಎತ್ತಿಕೊಂಡು ಮುಂದಿನ ಸಾಲಿಗೆ ಹೋದಳು.