ಆರು ತಿಂಗಳಿಗೊಂದು ರುಜು

ಸಂತೆಪೇಟೆ, ಮೈಸೂರು
೨೦ ಸೆಪ್ಟೆಂಬರ್ ೧೯೫೯

ಮದರಾಸಿನಲ್ಲಿರುವ ನಮ್ಮ ಯಜಮಾನರಿಗೆ ಗಿರಿಜಾಂಬಾ ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ನೀವೂ ಕ್ಷೇಮವೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯಿಲ್ಲ, ನೀವು ಪತ್ರ ಬರೆಯುವವರಲ್ಲವಲ್ಲ. ವಿಷಯ ಮೊದಲೇ ಹೇಳಿಬಿಡುತ್ತೇನೆ. ಬರುವ ಅಕ್ಟೋಬರಿನಿಂದ ಜರ್ಮನಿಯ ಹಾರ್ಮೋನಿಯಂ ರೀಡು ತರಿಸಲು ನಮ್ಮ ಅಂಗಡಿಯ ಹೆಸರಿಗೆ ಕೋಟಾ ಇಲ್ಲ. ಆದ್ದರಿಂದ ಈ ದಸರಾ ಹೊತ್ತಿಗೆ ನನ್ನ ರುಜುವಿಗೆಂದು ನೀವು ರೈಲು ಹತ್ತಬೇಕಾಗಿಲ್ಲ.

ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ. ನನಗೂ ಒಮ್ಮೆ ಎಲ್ಲವನ್ನೂ ಸಾಲಾಗಿ ನೋಡಬೇಕಿದೆ. ಗಾಳಿಗೆ ನಡುಗಿ ಹಾಡುವ ಆ ಹಿತ್ತಾಳೆ ಪಟ್ಟಿಗಳನ್ನು ನನ್ನ ಅಪ್ಪಾಜಿ ತರಿಸುತ್ತಿದ್ದಾಗ ಇಷ್ಟು ತಾಪತ್ರಯವಿರಲಿಲ್ಲ. ಆಮೇಲೆ ದೇಶದಲ್ಲಿ ವಿದೇಶಿ ಹಣಕ್ಕೆ ಬರ ಬಂತು. ಹಿಂದೆ ತರಿಸಿದವರಿಗೆ ಮಾತ್ರ, ಅದರಲ್ಲೂ ಹಿಂದಿನದರ ಒಂದು ಪಾಲು ಮಾತ್ರ ಎಂದು ಸರ್ಕಾರ ಕಟ್ಟುಮಾಡಿತು. ಅಪ್ಪಾಜಿ ಹೋದರು, ಅವರ ಪಾಲು ನನ್ನ ಹೆಸರಿಗೆ ಬಂತು. ಎಲ್ಲೂ ಸಿಗದಾದಾಗ ರೀಡಿಗೆ ಚಿನ್ನದ ಬೆಲೆ ಬಂತು. ಅದನ್ನು ಮಾರಲು ನೀವು ಮದರಾಸಿಗೆ ಹೋದಿರಿ, ಅಲ್ಲೇ ಉಳಿದಿರಿ. ನಾವೇನೂ ಜಗಳವಾಡಿ ದೂರವಾದವರಲ್ಲ. ಜಗಳವಾಡಿದ್ದರೆ ರಾಜಿಗಾದರೂ ಒಂದು ದಾರಿ ಇರುತ್ತಿತ್ತು.

ಯುಗಾದಿಗೊಮ್ಮೆ, ದಸರಾಕ್ಕೊಮ್ಮೆ ಕೋಟಾದ ಹೊಸ ಅರ್ಜಿಗೆ ನನ್ನ ರುಜು ಹಾಕಿಸಲು ಬರುತ್ತಿದ್ದಿರಿ. ಪಕ್ಕದ ಮನೆ ಸಿದ್ದಲಿಂಗಮ್ಮನಿಗೆ ರುಜುವಿನ ಸಂಗತಿ ಎಲ್ಲಿ ಗೊತ್ತು? "ಏನೇ ಅನ್ನಿ, ನಿಮ್ ಯಜಮಾನ್ರು ಹಬ್ಬ ತಪ್ಪಿಸೋರಲ್ಲ ಕಣಮ್ಮ" ಎಂದು ಊರಿಗೆಲ್ಲ ಹೇಳಿಕೊಂಡು ಬರುತ್ತಾರೆ. ನಾನು ನಕ್ಕು ಒಳಗೆ ಹೋಗುತ್ತೇನೆ. ಸರ್ಕಾರ ಬೇರೆಯವರಿಗೆ ಗಡಿಯಾರ, ಔಷಧಿ ಮಂಜೂರು ಮಾಡಿದರೆ ನನಗೆ ಆರು ತಿಂಗಳಿಗೊಮ್ಮೆ ನಿಮ್ಮನ್ನು ಮಂಜೂರು ಮಾಡುತ್ತಿತ್ತು. ಹೋದ ಯುಗಾದಿಗೆ ಪೆನ್ನಿನಲ್ಲಿ ಮಸಿಯಿಲ್ಲವೆಂದೆ, ನೆನಪಿದೆಯೆ? ಹಬ್ಬಕ್ಕೆ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು, ನೀವು ಗೊಣಗಿಕೊಂಡೇ ಒಂದು ದಿನ ಉಳಿದಿರಿ. ಬೆಳಿಗ್ಗೆ ಹಿತ್ತಲಿನಲ್ಲಿ ನೀವು ಬಾಯಿ ಮುಕ್ಕಳಿಸುವ ಸದ್ದು ಕೇಳುತ್ತಾ ನಿಂತು ಹಾಲು ಉಕ್ಕಿಸಿಬಿಟ್ಟೆ. ಮಸಿಬುಡ್ಡಿ ಅಕ್ಕಿ ಡಬ್ಬದೊಳಗಿತ್ತು.

ಮೊನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಕೂತಲ್ಲೇ ಕಣ್ಣು ಹತ್ತಿತು. ಕನಸಿನಲ್ಲಿ ಸಂತೆಪೇಟೆಗೇ ಹಡಗು ಬಂದಿದೆ. ಮೈಸೂರಿಗೆ ಹಡಗು ಹೇಗೆ ಬಂತೆಂದು ಯಾರೂ ಕೇಳುತ್ತಿಲ್ಲ. ಬೀದಿಯ ತುಂಬ ತಿಳಿನೀರು. ಇಳಿಸಿದ ಪೆಟ್ಟಿಗೆಗಳಿಂದ ಒಂದೊಂದೇ ಸ್ವರ ಮೆಲ್ಲಗೆ ಹೊರಬಂದು ನೀರಿನ ಮೇಲೆ ತೇಲುತ್ತಿದೆ. ನೀವು ಬಿಳಿ ಪಂಚೆಯನ್ನು ಎತ್ತಿ ಹಿಡಿದು ಇಳಿಯುತ್ತಿದ್ದೀರಿ. ಸುಂಕದ ಅಧಿಕಾರಿ ನಿಮ್ಮ ಭುಜದ ಮೇಲೆ ಕೈಯಿಟ್ಟು, ಇದು ಅಗತ್ಯದ ವಸ್ತುವೋ ಭೋಗದ ವಸ್ತುವೋ ಎಂದು ನನ್ನನ್ನು ಕೇಳಿದ. ಭೋಗವೆಂದರೆ ಸುಂಕ ಹೆಚ್ಚು, ಅಗತ್ಯವೆಂದರೆ ಪುರಾವೆ ಬೇಕು. ನಾನು ಉತ್ತರ ಹುಡುಕುವಷ್ಟರಲ್ಲಿ ಯಾರೋ ಕರೆದಂತಾಗಿ ಎಚ್ಚರವಾಯಿತು.

ಕರೆದವನು ಜವರಪ್ಪ, ಅಪ್ಪಾಜಿಯ ಕಾಲದಿಂದ ನಮ್ಮಲ್ಲಿ ರೀಡು ಕೊಂಡು ಹಾರ್ಮೋನಿಯಂ ಕಟ್ಟುತ್ತಿದ್ದವನು. "ನಿಮ್ ಹೆಸರಿಗೇ ಬರೋ ಮಾಲು ನಮ್ಮೂರ್ ಮುಖಾನೇ ನೋಡಲ್ವಲ್ಲವ್ವ" ಎಂದ. ಮಾತಿನಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ನೋವಾಯಿತು. ಪೆಟ್ಟಿಗೆ ಕಟ್ಟುವವನ ಕೈಯಲ್ಲಿ ರೀಡಿಲ್ಲ. ರೀಡಿನ ಹಕ್ಕಿರುವ ನಾನು ಒಂದು ಮೊಳೆ ಹೊಡೆದವಳಲ್ಲ. ಇಂಥ ಕಟ್ಟಳೆಯಿಂದ ದೇಶಕ್ಕೆ ಎಷ್ಟು ಉಳಿಯಿತೋ ನಾ ಕಾಣೆ. ಕಾದು ಕಾದು ಅವನೇ ಹಿತ್ತಾಳೆ ತಗಡು ಉಜ್ಜಿ ಒಂದು ರೀಡು ಮಾಡಿ ತಂದಿದ್ದ. ತುಟಿಗೆ ಹಿಡಿದು ಊದಿದ. ನೆಗಡಿಯಾದ ಮಗುವಿನ ದನಿಯಂತಿತ್ತು, ಆದರೂ ಅದು ಸ್ವರವೇ. ಅವನು ಹೋದ ಮೇಲೂ ಬಹಳ ಹೊತ್ತು ಅದು ಅಂಗಡಿಯಲ್ಲೇ ಸುಳಿದಾಡುತ್ತಿತ್ತು. ನಾನು ದೀಪ ಹಚ್ಚುವುದನ್ನೂ ಮರೆತು ಕೂತಿದ್ದೆ.

ನಿಮ್ಮ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆಂದು ಗೊತ್ತು. ನನ್ನ ಚಿಂತೆ ಬೇಡ. ಅಂಗಡಿಯ ಮುಂಭಾಗವನ್ನು ಜವರಪ್ಪನಿಗೆ ಬಾಡಿಗೆಗೆ ಕೊಡುತ್ತೇನೆ, ಊಟಕ್ಕೆ ತೊಂದರೆಯಿಲ್ಲ. ನನ್ನ ಭಯ ಬೇರೆ. ರುಜು ಬೇಡವಾದ ಮೇಲೆ ನೀವು ಯಾತಕ್ಕೆ ಬರುತ್ತೀರಿ? ಇಷ್ಟು ದಿನ ಈ ಪ್ರಶ್ನೆಗೆ ಅಡ್ಡವಾಗಿ ಸರ್ಕಾರವೇ ನಿಂತಿತ್ತು. ಈಗ ಯಾರೂ ಇಲ್ಲ. ನನಗೆ ನೀವು ಬೇಕು. ಎದುರು ಕೂತು ಹೇಳಲಾರೆ, ಆದ್ದರಿಂದ ಬರೆದಿದ್ದೇನೆ. ನೀವು ಬರದಿದ್ದರೂ ದಸರಾಕ್ಕೆ ಎರಡು ಎಲೆ ಹಾಕುತ್ತೇನೆ. ಸಿದ್ದಲಿಂಗಮ್ಮ ಕೇಳಿದರೆ ಏನು ಹೇಳುವುದೆಂದು ಇನ್ನೂ ಹೊಳೆದಿಲ್ಲ.

ಇಂತಿ, ಈಗಲೂ ನಿಮ್ಮವಳೇ ಆದ
ಗಿರಿಜಾಂಬಾ

ಬರೆಯದೆ ಬಿಟ್ಟಿದ್ದ ಮಾತು: ಸರ್ಕಾರ ಈ ಸಲ ನಮ್ಮ ಪಾಲನ್ನು ಅರ್ಧಕ್ಕಿಳಿಸಿತ್ತು, ಅಷ್ಟೆ. ಉಳಿದರ್ಧವೂ ಬೇಡವೆಂದು ಆಫೀಸಿಗೆ ಬರೆದು ರುಜು ಹಾಕಿದವಳು ನಾನೇ. ರಿಜಿಸ್ಟರ್ ಅಂಚೆಯಲ್ಲಿ ಹೋಗಿಯಾಗಿದೆ, ಇನ್ನು ಹಿಂದಕ್ಕೆ ಬರುವುದಿಲ್ಲ. ನಿಮಗೆ ಸಿಟ್ಟು ಬರುತ್ತದೆ, ಬರಲೇಬೇಕು. ಆದರೆ ಕಾಗದದಲ್ಲಿ ಬೈಯಬೇಡಿ. ಬಂದು ಬೈಯಿರಿ.