ಒಂಬತ್ತನೇ ತಿಂಗಳ ಬಾವು

ಮೋನಕ್ಕಾ,

ಇವತ್ತು ಗೋಗಿ ಊರಿನ ಆಸ್ಪತ್ರೆಗೆ ಹೋಗಿದ್ದೆ. ನನಗೀಗ ಒಂಬತ್ತು ತುಂಬುತ್ತಾ ಬಂದಿದೆ. ಚಪ್ಪಲಿ ಕಾಲಿಗೆ ಹಿಡಿಯುತ್ತಿಲ್ಲ, ನಾಲ್ಕು ಹೆಜ್ಜೆಗೇ ಏದುಸಿರು, ಒಮ್ಮೊಮ್ಮೆ ರವಿಕೆ ಹಾಲಿನಿಂದ ತೋಯ್ದಿರುತ್ತದೆ. ಹೆದರುತ್ತಲೇ ಹೇಳಿದೆ.

ನರ್ಸ್ ಸಾಯಬಮ್ಮ ನನ್ನ ಪಾದ ಒತ್ತಿ ನೋಡಿದಳು, ಬಿಪಿ ನೋಡಿದಳು, ನಕ್ಕಳು.

“ಇದೆಲ್ಲ ಮಾಮೂಲಿ ಐತವ್ವ. ಹೊಟ್ಟಿ ದೊಡ್ಡದಾದ್ರ ದಮ್ಮು ಹತ್ತತದ, ಸಂಜಿಕ ಕಾಲು ಬಾಯ್ತಾವ. ಆದ್ರ ಮಾರಿ, ಕೈ ಬಾತು, ತಲಿ ಸಿಡಿದು, ಕಣ್ಣಿಗಿ ಮಬ್ಬು ಬಂತಂದ್ರ ಒಂದು ತಾಸೂ ಕೂಡಬ್ಯಾಡ. ಓಡಿ ಬಾ.”

ನಮ್ಮ ಹೊಲಕ್ಕೆ ಕಾಲುವೆ ನೀರು ಬಂದ ಮೊದಲ ವರ್ಷ ನಿನಗೂ ಹೀಗೇ ದಿನ ತುಂಬಿತ್ತು. ನೀನು ಒಡ್ಡಿನ ಮೇಲೆ ತಲೆ ಹಿಡಿದು ಕೂತು, “ಕಣ್ಣು ಮಂಜಾಗ್ಯಾವ, ಕೈಯಾಗ ಬಳಿ ಬಿಗಿಯಾಗ್ಯಾವ” ಅಂದಿದ್ದೆ. ಭತ್ತದ ನಾಟಿ ಎರಡು ಮಡಿ ಉಳಿದಿತ್ತು. “ದಿನ ತುಂಬಿದವರಿಗಿ ಇದೆಲ್ಲ ಇರೋದಾ, ಸುಮ್ನ ಕೂಡು” ಅಂದು ನಾನು ಕೆಸರಿಗಿಳಿದೆ. ಎರಡೂ ಮಡಿ ಮುಗಿಸಿ ಬಂದಾಗ ನಿನಗೆ ಪ್ರಜ್ಞೆ ಇರಲಿಲ್ಲ, ಕೈಕಾಲು ಸೆಟೆದಿದ್ದವು. ಜೀಪು ಶಹಾಪುರ ಮುಟ್ಟುವ ಮೊದಲೇ ನೀನೂ ಹೋದೆ, ಹೊಟ್ಟೆಯಲ್ಲಿದ್ದ ಕೂಸೂ ಹೋಯಿತು. ಏಕಾಏಕಿ ಹಿಂಗಾಯಿತು ಎಂದು ಅವ್ವನಿಗೆ ಹೇಳಿದವಳು ನಾನೇ. ಅವಳು ಇಂದಿಗೂ ಅದನ್ನೇ ನಂಬಿದ್ದಾಳೆ.

ಸಾಯಬಮ್ಮ ಕಾರ್ಡು ತುಂಬುತ್ತಾ ಕೇಳಿದಳು: “ನಿಮ್ಮ ಮನ್ಯಾಗ ಯಾರಿಗಾರ ಹಂಗ ಆಗಿತ್ತೇನು?”

ಹೌದೆಂದರೆ, ಆಗ ಜೊತೆಗೆ ಯಾರಿದ್ದರು ಎಂದು ಕೇಳುತ್ತಾಳೆ. ಅವ್ವ ಬಾಗಿಲ ಹೊರಗೇ ಕೂತಿದ್ದಳು.

“ಯಾರಿಗೂ ಇಲ್ರಿ” ಅಂದೆ, ಅಕ್ಕಾ. ಅವಳು ಹಾಗೇ ಬರೆದುಕೊಂಡಳು.